ಹೆಸರಿಗೆ ಸಿಕ್ಕ ರಕ್ಷಣೆ, ಗಿಡಕ್ಕೆ ಸಿಗದ ರಕ್ಷಣೆ: ನಂಜನಗೂಡು ಮತ್ತು ತಿ. ನರಸೀಪುರದ ಎರಡು ಪ್ರಸ್ತಾವನೆಗಳು

ನಂಜನಗೂಡಿನ ರಸಬಾಳೆಗೆ 2005–06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯ 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡುಗಳ ಜೊತೆಗೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಕ್ಕಪಕ್ಕದ ತಾಲ್ಲೂಕುಗಳ ಈ ಎರಡು ಗೆಲುವುಗಳ ಹಿಂದೆಯೂ ಒಂದೊಂದು ಪ್ರಸ್ತಾವನೆ ಇದೆ. ಓದುಗರನ್ನು ಒಪ್ಪಿಸುವುದರಲ್ಲಿ ಎರಡೂ ಗೆದ್ದವು. ಸಮಸ್ಯೆ ಬಗೆಹರಿಸುವುದರಲ್ಲಿ ಹಾಗಾಗಲಿಲ್ಲ. ಈ ಅಂತರ ಹುಟ್ಟಿದ್ದು ಬರೆದವರ ಸಾಮರ್ಥ್ಯದಿಂದಲ್ಲ, ಓದುವ ಸಂಸ್ಥೆ ಮುಂದಿಟ್ಟ ಪ್ರಶ್ನೆಗಳಿಂದ ಎಂಬುದು ಈ ಲೇಖನದ ವಾದ.

ಭೌಗೋಳಿಕ ಸೂಚಕಗಳ ಕಾಯ್ದೆ ರೂಪುಗೊಂಡದ್ದು 1999ರಲ್ಲಿ, ಜಾರಿಗೆ ಬಂದದ್ದು 2003ರಲ್ಲಿ. ರಸಬಾಳೆಯ ಪರವಾಗಿ ಚೆನ್ನೈನ ನೋಂದಣಿ ಕಚೇರಿಗೆ ಅರ್ಜಿ ಹಾಕಿದ್ದು ರಾಜ್ಯದ ತೋಟಗಾರಿಕೆ ಇಲಾಖೆ. ಆ ನಮೂನೆ ಕೇಳುವುದು ಇಷ್ಟು: ಪದಾರ್ಥದ ವಿವರಣೆ, ಬೆಳೆಯುವ ಪ್ರದೇಶದ ನಕ್ಷೆ, ಮೂಲಕ್ಕೆ ಪುರಾವೆ, ಬೆಳೆಯುವ ಕ್ರಮ, ಬೇರೆಲ್ಲೂ ಸಿಗದ ಗುಣ, ತಪಾಸಣೆಯ ವ್ಯವಸ್ಥೆ. ಊರಿನ ಮಣ್ಣಿಗೂ ಹಣ್ಣಿನ ಪರಿಮಳಕ್ಕೂ ಇರುವ ನಂಟನ್ನು ತೋರಿಸಿದರೆ ಸಾಕು, ಓದುಗನಿಗೆ ಒಪ್ಪಿಗೆ. ಬೇರೆ ಕಡೆಯ ಹಣ್ಣನ್ನು ಇದೇ ಹೆಸರಲ್ಲಿ ಮಾರುವುದನ್ನು ತಡೆಯುವ ಅಧಿಕಾರ ಆ ಕಚೇರಿಯ ಕಾಯ್ದೆಗೆ ಇದೆ. ಗಿಡ ಯಾಕೆ ಸಾಯುತ್ತಿದೆ ಎಂದು ಕೇಳುವ ಅಂಕಣ ಅದರಲ್ಲಿಲ್ಲ.

ತೋಟದಲ್ಲಿ ಉತ್ತರ ಬೇಕಿರುವುದು ಆ ಪ್ರಶ್ನೆಗೇ. ಪನಾಮ ಸೊರಗು ರೋಗ ತಗುಲಿದ ಬಾಳೆಯಲ್ಲಿ ಮೊದಲು ಕೆಳಗಿನ ಹಳೆಯ ಎಲೆಗಳ ಅಂಚು ಹಳದಿಯಾಗುತ್ತದೆ. ಎಲೆದಂಟು ಬುಡದಲ್ಲಿ ಮುರಿದು ಎಲೆಗಳು ಕಾಂಡದ ಸುತ್ತ ಜೋತುಬೀಳುತ್ತವೆ. ಕಾಂಡ ಬುಡದಿಂದ ಉದ್ದಕ್ಕೆ ಸೀಳುವುದೂ ಉಂಟು. ಗಡ್ಡೆಯನ್ನು ಅಡ್ಡ ಕೊಯ್ದರೆ ನೀರು ಹರಿಯುವ ನಾಳಗಳು ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತವೆ. ಇದಕ್ಕೆ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. ಅದು ಮಣ್ಣಿನಲ್ಲಿ ದಶಕಗಳ ಕಾಲ ಬದುಕಿರಬಲ್ಲದು. ರೋಗ ಹಿಡಿದ ಗಿಡವನ್ನು ಉಳಿಸಿಕೊಳ್ಳುವ ಔಷಧಿಯಿಲ್ಲ. ರಸಬಾಳೆ ಸೇರಿದ ತಳಿವರ್ಗ ಇದಕ್ಕೆ ಬೇಗ ಬಲಿಯಾಗುವಂಥದು. ಇದೇ ರೋಗದಿಂದಾಗಿ 1950ರ ದಶಕದ ಹೊತ್ತಿಗೆ ಲ್ಯಾಟಿನ್ ಅಮೆರಿಕದ ರಫ್ತು ತೋಟಗಳಲ್ಲಿ ಗ್ರೋ ಮಿಷೆಲ್ ತಳಿ ನೆಲಕಚ್ಚಿತು, ಆ ಜಾಗಕ್ಕೆ ಕ್ಯಾವೆಂಡಿಷ್ ಬಂತು. ನಂಜನಗೂಡಿನವರಿಗೆ ಆ ದಾರಿ ಇಲ್ಲ. ತಳಿ ಬದಲಾದರೆ ರಸಬಾಳೆಯೇ ಉಳಿಯುವುದಿಲ್ಲ.

ರೋಗ ಹರಡುವುದು ಸೋಂಕಿತ ಕಂದಿನಿಂದ, ಹಾಯಿಸಿದ ನೀರಿನಿಂದ, ಗುದ್ದಲಿಗೆ ಮೆತ್ತಿದ ಮಣ್ಣಿನಿಂದ. ಹಾಗಾಗಿ ಒಬ್ಬ ರೈತ ಎಷ್ಟೇ ಎಚ್ಚರ ವಹಿಸಿದರೂ ಪಕ್ಕದ ತೋಟದವರು ಕೈಜೋಡಿಸದೆ ಅವನ ತೋಟ ಸುರಕ್ಷಿತವಲ್ಲ. ಹೆಸರಿನ ಹಕ್ಕನ್ನು ಒಂದು ಇಲಾಖೆ ಊರಿನ ಪರವಾಗಿ ಪಡೆಯಬಹುದು. ಮಣ್ಣಿನ ಆರೋಗ್ಯವನ್ನು ಹಾಗೆ ಪಡೆಯಲಾಗದು.

ಸೋಮನಾಥಪುರದ ಕಡತ ಬೇರೆ ಬಗೆಯದು. ಹೊಯ್ಸಳ ದೇವಾಲಯಗಳು 2014ರಲ್ಲಿ ತಾತ್ಕಾಲಿಕ ಪಟ್ಟಿಗೆ ಸೇರಿದವು. ಪೂರ್ಣ ಪ್ರಸ್ತಾವನೆ 2022ರ ಆರಂಭದಲ್ಲಿ ಯುನೆಸ್ಕೊ ತಲುಪಿತು. ಶಿಲ್ಪದ ಹಿರಿಮೆಯನ್ನು ಸಾಧಿಸಿ ತೋರಿಸುವುದು ಅಲ್ಲಿ ಅರ್ಧ ಕೆಲಸ ಮಾತ್ರ. ಕಟ್ಟಡದ ಇಂದಿನ ಸ್ಥಿತಿ ಏನು, ಅಪಾಯ ಯಾವ ಕಡೆಯಿಂದ, ಸುತ್ತಲಿನ ರಕ್ಷಣಾ ವಲಯದ ಗಡಿ ಎಲ್ಲಿ, ನಿರ್ವಹಣೆಯ ಹೊಣೆ ಯಾರದು, ಮುಂದೆ ಯಾವ ಅಳತೆಯಿಂದ ಪರಿಶೀಲಿಸುತ್ತೀರಿ ಎಂಬ ಪ್ರಶ್ನೆಗಳಿಗೂ ಅರ್ಜಿದಾರರೇ ಉತ್ತರಿಸಬೇಕು. ಹೊಗಳಿಕೆಯ ಜೊತೆಗೇ ಹೊಣೆಯನ್ನೂ ಬರೆಸಿಕೊಳ್ಳುವ ನಮೂನೆ ಅದು. ಈ ಊರಿಗೆ ಇದು ಹೊಸತೂ ಅಲ್ಲ. ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯ ಶಾಸನ ಕಟ್ಟಿಸಿದವನ ಕೀರ್ತಿಗೇ ನಿಲ್ಲದೆ, ಗುಡಿ ನಡೆಯಲು ಬಿಟ್ಟ ದತ್ತಿಯನ್ನೂ ದಾಖಲಿಸಿದೆ.

ರಸಬಾಳೆಗೆ ಈಗ ಬೇಕಿರುವುದು ಈ ಎರಡನೆಯ ಬಗೆಯ ಪ್ರಸ್ತಾವನೆ. ‘ರಸಬಾಳೆ ಉಳಿಸಿ’ ಎಂಬ ಮನವಿ ಪತ್ರಕ್ಕೆ ಎಲ್ಲರೂ ತಲೆದೂಗುತ್ತಾರೆ, ಯಾರ ಮೇಜಿನ ಮೇಲೂ ಕೆಲಸ ಬೀಳುವುದಿಲ್ಲ. ನನ್ನ ಮಟ್ಟಿಗೆ ಅದು ಕಾಳಜಿಯ ವ್ಯರ್ಥ ವೆಚ್ಚ. ಓದುಗನ ಕೈಯಲ್ಲಿರುವ ಅಧಿಕಾರಕ್ಕೆ ತಕ್ಕಂತೆ ಬೇಡಿಕೆಯನ್ನು ಬಿಡಿಸಿ ಬರೆಯಬೇಕು. ರೋಗಮುಕ್ತ ತಾಯಿಗಿಡಗಳಿಂದ ಅಂಗಾಂಶ ಕೃಷಿಯ ಸಸಿ ಕೊಡಿ ಎಂಬುದು ತೋಟಗಾರಿಕೆ ಇಲಾಖೆಗೆ. ತಳಿಯೊಳಗೇ ರೋಗ ತಾಳುವ ಗಿಡಗಳನ್ನು ಹುಡುಕಿ ಎಂಬುದು ತಿರುಚಿರಾಪಳ್ಳಿಯ ರಾಷ್ಟ್ರೀಯ ಬಾಳೆ ಸಂಶೋಧನಾ ಕೇಂದ್ರಕ್ಕೆ. ಸೋಂಕು ತಗುಲಿದ ಜಮೀನಿನಲ್ಲಿ ಬಾಳೆ ಬಿಟ್ಟು ಭತ್ತ ಹಾಕಿ ನೀರು ನಿಲ್ಲಿಸಿದರೆ ಶಿಲೀಂಧ್ರದ ಹಾವಳಿ ತಗ್ಗುತ್ತದೆ. ಕಬಿನಿ ನಾಲೆಯ ನೀರು ಸಿಗುವ ಕಡೆ ಇದು ಆಗುವ ಕೆಲಸ, ಆದರೆ ಆ ಅವಧಿಯ ಆದಾಯದ ಕೊರತೆಯನ್ನು ಯಾರು ತುಂಬಿಕೊಡುತ್ತಾರೆ ಎಂಬುದು ಜಿಲ್ಲಾಡಳಿತದ ಮುಂದಿಡಬೇಕಾದ ಪ್ರಶ್ನೆ. ಕಂದು ಕೊಡುಕೊಳ್ಳುವಿಕೆಯ ಕಟ್ಟುಪಾಡನ್ನು ಮಾತ್ರ ಹೊರಗಿನ ಯಾವ ಕಚೇರಿಯೂ ವಿಧಿಸಲಾರದು. ಅದಕ್ಕೆ ಓದುಗರು ಬೆಳೆಗಾರರೇ. ಸೋಂಕಿತ ತೋಟದ ಕಂದನ್ನು ಊರಾಚೆ ಕೊಡುವುದಿಲ್ಲ, ಕಾಂಡ ಸೀಳಿದ ಗಿಡ ಕಂಡರೆ ಅಕ್ಕಪಕ್ಕದವರಿಗೆ ಅಂದೇ ತಿಳಿಸುತ್ತೇವೆ ಎಂಬ ಎರಡು ಸಾಲುಗಳನ್ನು ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕಕ್ಕೆ ಸೇರಿಸಿ, ಸಹಿ ಪಡೆಯಬೇಕು. ಇಲಾಖೆಗೆ ಹೋಗುವ ಪ್ರಸ್ತಾವನೆಯ ಮೊದಲ ಲಗತ್ತು ಆ ನಡಾವಳಿಯ ಪ್ರತಿಯೇ ಆಗಿರಬೇಕು.