ಅದಮಾರಿನ ರಾಮಚಂದ್ರ ರಾಯರು



ಕಾರ್ಕಳದಲ್ಲಿರುವ ಸೋದರ ಸೊಸೆಯೊಬ್ಬಳು ಕಳೆದ ವಾರ ದೂರವಾಣಿಯಲ್ಲಿ, "ಯು. ಆರ್. ರಾವ್ ಎಂದರೆ ನಮ್ಮ ಊರಿನವರೇ ಅಲ್ಲವೇ?" ಎಂದು ಕೇಳಿದಳು. ಹೌದು, ನಮ್ಮವರೇ. ಕಾಪು ತಾಲೂಕಿನ ಅದಮಾರಿನಲ್ಲಿ 1932ರ ಮಾರ್ಚ್ 10ರಂದು ಜನಿಸಿದವರು. ಅಷ್ಟಮಠಗಳಲ್ಲಿ ಒಂದರ ಹೆಸರನ್ನು ಹೊತ್ತ ಆ ಹಳ್ಳಿಯಲ್ಲಿ ಅಕ್ಷರ ಕಲಿತು, ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ ಓದಿದರು. ಮುಂದೆ ಬಳ್ಳಾರಿ, ಅನಂತಪುರ, ಕಾಶಿ. ಅನಂತರ ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ವಿಶ್ವಕಿರಣಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು.

ಉಪಗ್ರಹಕ್ಕೂ ಮೊದಲೇ ಅವರು ಗಣ್ಯ ವಿಜ್ಞಾನಿಯಾಗಿದ್ದರೆಂಬುದನ್ನು ನಮ್ಮವರು ಮರೆಯುತ್ತಾರೆ. ಅಮೆರಿಕದ ಎಂ.ಐ.ಟಿ.ಯಲ್ಲಿದ್ದಾಗ ಮ್ಯಾರಿನರ್-2 ನೌಕೆಯ ಮಾಹಿತಿಯನ್ನು ಸಹೋದ್ಯೋಗಿಗಳೊಡನೆ ಪರಿಶೀಲಿಸಿ, ಸೂರ್ಯನಿಂದ ಹೊರಡುವ ಕಣಗಳ ಗಾಳಿಗೂ ಭೂಮಿಯ ಕಾಂತಕ್ಷೇತ್ರದ ಕಲಕಾಟಕ್ಕೂ ಇರುವ ಸಂಬಂಧವನ್ನು 1963ರಲ್ಲಿ ತೋರಿಸಿದರು. ಅಲ್ಲಿಯೇ ಉಳಿದಿದ್ದರೆ ಸುಖವಾಗಿರುತ್ತಿದ್ದರು. 1966ರಲ್ಲಿ ಮರಳಿ ಬಂದರು.

1972ರಲ್ಲಿ ಉಪಗ್ರಹ ನಿರ್ಮಾಣದ ಹೊಣೆ ಅವರ ಹೆಗಲೇರಿತು. ಅದಕ್ಕೆ ಬೇಕಾದ ಪ್ರಯೋಗಾಲಯ ಇಲ್ಲಿರಲಿಲ್ಲ, ಅನುಭವವೂ ಇರಲಿಲ್ಲ. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಎಳೆಯ ಇಂಜಿನಿಯರುಗಳನ್ನು ಕೂಡಿಸಿಕೊಂಡು 26 ಮುಖಗಳ, ಸುಮಾರು 360 ಕಿಲೋ ತೂಕದ 'ಆರ್ಯಭಟ'ವನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಒಯ್ದಿತು.

ಆಗ ನಾನು ಹೊಸದಾಗಿ ಮಾಸ್ತರಿಕೆಗೆ ಸೇರಿದ್ದೆ. ರಜೆ ಮುಗಿದು ಶಾಲೆ ತೆರೆದೊಡನೆ, ಕಪ್ಪು ಹಲಗೆಯ ಮೇಲೆ ಉಪಗ್ರಹದ ಚಿತ್ರ ಬರೆದು ಉಬ್ಬಿ ಪಾಠ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಸಾರ್, ಅದು ನಾಲ್ಕೇ ದಿನಕ್ಕೆ ಕೆಟ್ಟಿತಂತೆ, ಹೌದೇ?" ಎಂದ. ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ಅಷ್ಟು ಬೇಗ ನಿಂತದ್ದು ನಿಜ. ನಾನು ಅವನನ್ನು ಗದರಿಸಿ ಕುಳ್ಳಿರಿಸಿದೆ. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅವನಿಗೆ ಕೊಡಬೇಕಾಗಿದ್ದ ಉತ್ತರವನ್ನು ರಾಯರ ಮುಂದಿನ ಇಪ್ಪತ್ತು ವರ್ಷಗಳೇ ಕೊಟ್ಟವು. ಪೀಣ್ಯದಲ್ಲಿ ಪಳಗಿದ ಕೈಗಳೇ 1979ರಲ್ಲಿ 'ಭಾಸ್ಕರ'ವನ್ನೂ 1981ರಲ್ಲಿ 'ಆಪಲ್' ಸಂಪರ್ಕ ಉಪಗ್ರಹವನ್ನೂ ರೂಪಿಸಿದವು. 1984ರಲ್ಲಿ ಇಸ್ರೋದ ಅಧ್ಯಕ್ಷರಾದ ಮೇಲೆ ಎ.ಎಸ್.ಎಲ್.ವಿ. ರಾಕೆಟ್ 1987ರಲ್ಲೊಮ್ಮೆ, 1988ರಲ್ಲಿ ಮತ್ತೊಮ್ಮೆ ವಿಫಲವಾಯಿತು. ಸಂಸ್ಥೆ ಎದೆಗುಂದಲಿಲ್ಲ, 1992ರಲ್ಲಿ ಅದೇ ರಾಕೆಟ್ ಗೆದ್ದಿತು. ಪಿ.ಎಸ್.ಎಲ್.ವಿ.ಯ ಮೊದಲ ಹಾರಾಟ 1993ರಲ್ಲಿ ಸೋತಿತು. 1994ರ ಅಕ್ಟೋಬರಿನಲ್ಲಿ ಗೆಲುವು ಬಂದಾಗ ರಾಯರು ಅಧ್ಯಕ್ಷ ಪದವಿಯಿಂದ ಇಳಿದು ತಿಂಗಳುಗಳಾಗಿದ್ದವು. ನೆಟ್ಟವರೊಬ್ಬರು, ಹಣ್ಣು ಕಿತ್ತವರು ಇನ್ನೊಬ್ಬರು!

ಮನ್ನಣೆಗಳ ಪಟ್ಟಿ ದೊಡ್ಡದು. 2013ರಲ್ಲಿ ವಾಷಿಂಗ್ಟನ್ನಿನ ಸ್ಯಾಟಲೈಟ್ ಹಾಲ್ ಆಫ್ ಫೇಮ್‌ಗೆ ಸೇರಿದ ಮೊದಲ ಭಾರತೀಯರು ಅವರು, 2017ರಲ್ಲಿ ಪದ್ಮವಿಭೂಷಣ, ಅದೇ ವರ್ಷದ ಜುಲೈ 24ರಂದು ನಿಧನ. ಎರಡು ರೂಪಾಯಿಯ ಹಳೆಯ ನೋಟಿನ ಹಿಂಬದಿಯಲ್ಲಿದ್ದ ಆರ್ಯಭಟವನ್ನು ನಿಮ್ಮಲ್ಲಿ ಹಲವರು ಕೈಯಲ್ಲಿ ಹಿಡಿದಿದ್ದೀರಿ.

2018ರಲ್ಲಿ ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ರಾಯರ ಹೆಸರನ್ನಿಟ್ಟ ಸುದ್ದಿ ಬಂದ ದಿನ ಮಣಿಪಾಲದಿಂದ ಒಂದು ಕರೆ ಬಂತು. ಅದೇ ಹಿಂದಿನ ಬೆಂಚಿನ ಹುಡುಗ, ಈಗ ತಲೆ ನರೆತವನು. "ಸಾರ್, ಪೇಪರ್ ನೋಡಿದಿರಾ?" ಎಂದ. ನಲವತ್ತಮೂರು ವರ್ಷ ತಡವಾಗಿ ಅವನ ಕ್ಷಮೆ ಕೇಳಿದೆ. ಅವನಿಗೆ ಆ ಪ್ರಶ್ನೆಯೇ ನೆನಪಿರಲಿಲ್ಲ.