ಸ್ಪರ್ಶಪರದೆಯ ಟ್ಯಾಬ್ಲೆಟ್‌ಗೆ ಮೌಸ್ ಬೇಕೇ?

ಬೆರಳಿನ ಸ್ಪರ್ಶದಿಂದಲೇ ನಡೆಯಲೆಂದು ರೂಪಿಸಿದ ಯಂತ್ರಕ್ಕೆ ಮತ್ತೆ ಮೌಸ್ ಜೋಡಿಸುವುದು ಹಿಂದಕ್ಕೆ ಹೆಜ್ಜೆ ಇಟ್ಟಂತಲ್ಲವೇ? ಟ್ಯಾಬ್ಲೆಟ್ ಗಣಕಗಳು ಮಾರುಕಟ್ಟೆಗೆ ಬಂದಾಗಿನಿಂದಲೂ ಈ ಪ್ರಶ್ನೆ ಬೆನ್ನುಹತ್ತಿ ಬಂದಿದೆ. ಓದುವುದಕ್ಕೆ, ಚಲನಚಿತ್ರ ನೋಡುವುದಕ್ಕೆ, ಮಕ್ಕಳ ಆಟಕ್ಕೆ ಬೆರಳೇ ಸಾಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಸಾಧನದಲ್ಲಿ ವರದಿ ಬರೆಯಬೇಕು, ಲೆಕ್ಕದ ಹಾಳೆ ತುಂಬಬೇಕು, ಕರಡು ತಿದ್ದಬೇಕು ಎಂದಾಗ ಸಮಸ್ಯೆ ಎದುರಾಗುತ್ತದೆ. ಮನೆಯಲ್ಲಿ ಟ್ಯಾಬ್ಲೆಟ್ ಒಂದೇ ಇರುವ ವಿದ್ಯಾರ್ಥಿಗೆ, ಗೃಹೋದ್ಯಮಿಗೆ, ಹವ್ಯಾಸಿ ಬರಹಗಾರನಿಗೆ ಈ ಪ್ರಶ್ನೆಯ ಉತ್ತರದ ಮೇಲೆ ಇನ್ನೊಂದು ಗಣಕ ಕೊಳ್ಳಬೇಕೇ ಬೇಡವೇ ಎಂಬುದೇ ನಿರ್ಧಾರವಾಗುತ್ತದೆ.

ಮೌಸ್ ಹುಟ್ಟಿದ ಸಂದರ್ಭ

ಪರದೆಯನ್ನು ನೇರವಾಗಿ ಮುಟ್ಟಿ ಕೆಲಸ ಮಾಡುವ ಕಲ್ಪನೆ ಮೌಸ್‌ಗಿಂತಲೂ ಹಳೆಯದು. 1963ರಲ್ಲಿ ಅಮೆರಿಕದ ಇವಾನ್ ಸದರ್‌ಲ್ಯಾಂಡ್ ರೂಪಿಸಿದ ಸ್ಕೆಚ್‌ಪ್ಯಾಡ್ ತಂತ್ರಾಂಶದಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆಯೇ ಚಿತ್ರ ಬರೆಯಬಹುದಾಗಿತ್ತು. ಡಗ್ಲಸ್ ಎಂಗೆಲ್‌ಬಾರ್ಟ್ ಅವರ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಮರದ ಕವಚದ ಮೊದಲ ಮೌಸ್ ತಯಾರಿಸಿದ್ದು ಅದರ ಮರುವರ್ಷ, 1964ರಲ್ಲಿ.

ಇವರು ತಮ್ಮ ಸಾಧನವನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಲಿಲ್ಲ. ಬೆಳಕಿನ ಲೇಖನಿ, ಜಾಯ್‌ಸ್ಟಿಕ್, ಮೊಣಕಾಲಿನಿಂದ ಚಲಾಯಿಸುವ ಸನ್ನೆ ಮುಂತಾದವುಗಳೊಡನೆ ಮೌಸ್ ಅನ್ನು ಪರೀಕ್ಷಿಸಿ, 1967ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರದೆಯ ಮೇಲಿನ ಅಕ್ಷರಗಳನ್ನು ಆಯ್ದುಕೊಳ್ಳುವ ಕೆಲಸದಲ್ಲಿ ಹೊಸಬರಿಗೆ ಇತರ ಕೆಲವು ಸಾಧನಗಳು ಬೇಗ ಒಗ್ಗಿದವು. ಪಳಗಿದವರ ಕೈಯಲ್ಲಿ ಮಾತ್ರ ಮೌಸ್ ಹೆಚ್ಚು ವೇಗವಾಗಿಯೂ ಕಡಿಮೆ ತಪ್ಪುಗಳೊಡನೆಯೂ ನಡೆಯಿತು. ಮುಟ್ಟುವುದನ್ನು ಯಾರೂ ಕಲಿಸಬೇಕಾಗಿಲ್ಲ; ಮೌಸ್ ಕಲಿಯಬೇಕು, ಕಲಿತವರಿಗೆ ಅದು ಪ್ರತಿಫಲ ಕೊಡುತ್ತದೆ. ಇಂದಿನ ಚರ್ಚೆಯ ತಿರುಳೂ ಇದೇ.

ಬೆರಳಿನ ಮಿತಿಗಳು

ಮೊದಲನೆಯದು ಗಾತ್ರ. ಬೆರಳಿನಿಂದ ಒತ್ತುವ ಗುಂಡಿಗೆ ಕನಿಷ್ಠ 44 ಪಾಯಿಂಟ್ ಅಗಲ, ಎತ್ತರ ಇರಬೇಕೆಂದು ಆಪಲ್ ಸಂಸ್ಥೆ ತಂತ್ರಾಂಶ ತಯಾರಕರಿಗೆ ಸೂಚಿಸುತ್ತದೆ. ಸಾಮಾನ್ಯ ಐಪ್ಯಾಡ್ ಪರದೆಯ ಮೇಲೆ ಇದು ಸುಮಾರು 8.5 ಮಿಲಿಮೀಟರ್. ಮೇಜಿನ ಗಣಕದ ಎಕ್ಸೆಲ್ ಹಾಳೆಯಲ್ಲಾದರೋ ಒಂದು ಸಾಲಿನ ಸಹಜ ಎತ್ತರ 15 ಪಾಯಿಂಟ್, ಅಂದರೆ ಮುದ್ರಣದ ಅಳತೆಯಲ್ಲಿ ಸುಮಾರು 5 ಮಿಲಿಮೀಟರ್. ಎರಡು ಕಂಬಸಾಲುಗಳ ನಡುವಿನ ಗೆರೆಯನ್ನು ಹಿಡಿದು ಎಳೆಯಬೇಕಾದರೆ ಗುರಿ ಕೂದಲೆಳೆಯಷ್ಟೇ. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಸಮಯ ಬೇಕೆಂದು ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಸೂತ್ರೀಕರಿಸಿದ್ದರು.

ಎರಡನೆಯದು ಮರೆ. ಬೆರಳು ತಾನು ಮುಟ್ಟುವ ವಸ್ತುವನ್ನೇ ಮುಚ್ಚುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇದರ ಕಾಟ ಹೆಚ್ಚು. ‘ರಾಷ್ಟ್ರ’ದಂಥ ಪದದಲ್ಲಿ ಒತ್ತಕ್ಷರಗಳು ಕೆಳಗೆ ಇಳಿದಿರುತ್ತವೆ, ತಪ್ಪು ಅಲ್ಲಿಯೇ ಇದ್ದರೆ, ತಿದ್ದಲು ಹೋದ ಬೆರಳು ಆ ಒತ್ತನ್ನೇ ಮರೆಮಾಡುತ್ತದೆ. ಬೆರಳೆತ್ತಿದ ಮೇಲಷ್ಟೇ ಕರ್ಸರ್ ಪಕ್ಕದ ಅಕ್ಷರದ ಬಳಿ ಕುಳಿತಿರುವುದು ಕಾಣುತ್ತದೆ.

ಮೂರನೆಯದು, ಮುಟ್ಟದೆ ತೋರಿಸುವ ಸೌಲಭ್ಯದ ಕೊರತೆ. ಮೌಸ್‌ನ ಬಾಣವನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿ, ಒತ್ತುವ ಮುನ್ನ ಅದೇನೆಂದು ತಿಳಿಯಬಹುದು. ಬೆರಳು ಪರದೆಗೆ ತಾಗಿದರೆ ಆಜ್ಞೆ ಕೊಟ್ಟಂತೆಯೇ ಸರಿ.

ನಾಲ್ಕನೆಯದು ಆಯಾಸ. ನೆಟ್ಟಗೆ ನಿಂತ ಪರದೆಯತ್ತ ಪದೇ ಪದೇ ಕೈಚಾಚಿದರೆ ತೋಳು ಸೋಲುತ್ತದೆ. ಗಣಕ ತಂತ್ರಜ್ಞರು ಇದನ್ನು ‘ಗೊರಿಲ್ಲಾ ತೋಳು’ ಎಂದು ಕರೆದರು. 2010ರ ಅಕ್ಟೋಬರ್‌ನಲ್ಲಿ ಸ್ಟೀವ್ ಜಾಬ್ಸ್ ಇದೇ ಕಾರಣ ನೀಡಿ, ಲ್ಯಾಪ್‌ಟಾಪ್‌ಗೆ ಸ್ಪರ್ಶಪರದೆ ಸಲ್ಲದೆಂದರು. ಆದರೆ ಟ್ಯಾಬ್ಲೆಟ್‌ಗೆ ಕೀಲಿಮಣೆ ಜೋಡಿಸಿ ಮೇಜಿನ ಮೇಲೆ ನಿಲ್ಲಿಸಿದ ಕ್ಷಣ ಅದೂ ಲ್ಯಾಪ್‌ಟಾಪ್‌ನ ಭಂಗಿಗೆ ಬರುತ್ತದೆ. ಆ ವಾದ ಆಗ ಟ್ಯಾಬ್ಲೆಟ್‌ಗೂ ಅನ್ವಯಿಸುತ್ತದೆ.

ನಡೆದು ಬಂದ ಹಾದಿ

ಗೂಗಲ್‌ನ ಆಂಡ್ರಾಯ್ಡ್ 2011ರ 3.1 ಆವೃತ್ತಿಯಲ್ಲಿಯೇ ಮೌಸ್‌ಗೆ ಅವಕಾಶ ಕೊಟ್ಟಿತು. ಆದರೆ ಟ್ಯಾಬ್ಲೆಟ್‌ನ ಬಹುಪಾಲು ತಂತ್ರಾಂಶಗಳು ಬೆರಳನ್ನೇ ನೆಚ್ಚಿಕೊಂಡಿದ್ದರಿಂದ ಬಾಣ ಬಂದರೂ ಅದಕ್ಕೆ ತಕ್ಕ ಕೆಲಸವಿರಲಿಲ್ಲ. ಸ್ಯಾಮ್‌ಸಂಗ್ 2017ರಲ್ಲಿ ಫೋನ್‌ಗಳಿಗೆಂದು ತಂದ ‘ಡೆಕ್ಸ್’ ವ್ಯವಸ್ಥೆಯನ್ನು 2018ರಲ್ಲಿ ಟ್ಯಾಬ್ಲೆಟ್‌ಗೂ ವಿಸ್ತರಿಸಿ, ಮೇಜಿನ ಗಣಕದಂತೆ ಹಲವು ಕಿಟಕಿಗಳನ್ನು ತೆರೆಯುವ ಅನುಕೂಲ ಕಲ್ಪಿಸಿತು.

ಮೈಕ್ರೋಸಾಫ್ಟ್ ಎಡವಿದ್ದು ವಿರುದ್ಧ ದಿಕ್ಕಿನಲ್ಲಿ. 2012ರ ವಿಂಡೋಸ್ 8ರಲ್ಲಿ ಬೆರಳಿಗೆಂದು ಮಾಡಿದ ದೊಡ್ಡ ಚೌಕಗಳ ಪರದೆಯನ್ನು ಮೌಸ್ ಬಳಸುವವರ ಮೇಲೂ ಹೇರಿತು. ದೂರುಗಳ ಸುರಿಮಳೆಯಾಗಿ, ಮರುವರ್ಷದ 8.1 ಆವೃತ್ತಿಯಲ್ಲಿ ‘ಸ್ಟಾರ್ಟ್’ ಗುಂಡಿಯನ್ನು ಮರಳಿ ತರಬೇಕಾಯಿತು.

ಹೆಚ್ಚು ಕಾಲ ಪಟ್ಟುಹಿಡಿದದ್ದು ಆಪಲ್. 2010ರಲ್ಲಿ ಬಂದ ಐಪ್ಯಾಡ್‌ಗೆ ಮೌಸ್ ಸಿಕ್ಕಿದ್ದು 2019ರ ಸೆಪ್ಟೆಂಬರ್‌ನಲ್ಲಿ. ಅದೂ ಪರದೆ ಮುಟ್ಟಲು ಕಷ್ಟಪಡುವ ಅಂಗವಿಕಲರ ನೆರವಿಗಾಗಿ ಇರುವ ‘ಅಸಿಸ್ಟಿವ್‌ಟಚ್’ ವಿಭಾಗದಲ್ಲಿ. ಎಲ್ಲರಿಗೂ ಪೂರ್ಣ ಸೌಲಭ್ಯ ದೊರೆತದ್ದು 2020ರ ಮಾರ್ಚ್ 24ರಂದು ಬಿಡುಗಡೆಯಾದ ಐಪ್ಯಾಡ್ ಓಎಸ್ 13.4ರಿಂದ. ಭಾರತದಲ್ಲಿ ಕೊರೊನಾ ಲಾಕ್‌ಡೌನ್ ಘೋಷಣೆಯಾದದ್ದೂ ಅದೇ ದಿನ ರಾತ್ರಿ. ಕಚೇರಿಯೂ ಶಾಲೆಯೂ ಒಮ್ಮೆಲೇ ಮನೆಯೊಳಗೆ ಬಂದ ಆ ದಿನಗಳಲ್ಲಿ, ಮನೆಯಲ್ಲಿರುವ ಟ್ಯಾಬ್ಲೆಟ್ ಕೆಲಸಕ್ಕೂ ಒದಗೀತೇ ಎಂಬುದು ಕೇವಲ ತಾತ್ವಿಕ ಪ್ರಶ್ನೆಯಾಗಿ ಉಳಿಯಲಿಲ್ಲ.

ಆಪಲ್ ಅಂದು ಹಳೆಯ ಬಾಣವನ್ನು ಹಾಗೆಯೇ ತರಲಿಲ್ಲ. ಬೆರಳ ತುದಿಯನ್ನು ನೆನಪಿಸುವ ಚಿಕ್ಕ ವೃತ್ತವೊಂದು ಪರದೆಯ ಮೇಲೆ ಚಲಿಸಿ, ಗುಂಡಿಯ ಬಳಿ ಬಂದೊಡನೆ ಗುಂಡಿಯ ಆಕಾರವನ್ನೂ ಅಕ್ಷರಗಳ ಮೇಲೆ ನಿಂತ ಗೆರೆಯ ರೂಪವನ್ನೂ ತಾಳುತ್ತಿತ್ತು, ಬಳಸದಿದ್ದಾಗ ಮಾಯವಾಗುತ್ತಿತ್ತು. 2025ರ ಸೆಪ್ಟೆಂಬರ್‌ನ ಐಪ್ಯಾಡ್ ಓಎಸ್ 26ರಲ್ಲಿ ಕಿಟಕಿಗಳನ್ನು ನಿಭಾಯಿಸುವ ಹೊಸ ಸೌಲಭ್ಯಗಳು ಬಂದವು. ಅವುಗಳೊಡನೆ ವೃತ್ತವೂ ಬಾಣವಾಯಿತು. ಕೆಲಸ ಸೂಕ್ಷ್ಮವಾದಂತೆ ಸೂಚಕದ ತುದಿಯೂ ಮೊನಚಾಗಬೇಕಾಯಿತು.

ವಿರೋಧದ ವಾದವೂ ಹಗುರವಲ್ಲ

ಮೌಸ್ ಇದ್ದೇ ಇರುತ್ತದೆಂದು ಭಾವಿಸಿದ ತಂತ್ರಾಂಶ ತಯಾರಕರು ಗುಂಡಿಗಳನ್ನು ಕಿರಿದಾಗಿಸುತ್ತ ಹೋದರೆ, ಬೆರಳನ್ನೇ ನಂಬಿದವರು ಪರದಾಡಬೇಕಾಗುತ್ತದೆ. ಮೌಸ್‌ಗೆ ಮೇಜು ಬೇಕು. ಬಸ್ಸಿನಲ್ಲಿ, ಹಾಸಿಗೆಯಲ್ಲಿ, ನಿಂತಲ್ಲಿ ಕೆಲಸ ಮಾಡಬಲ್ಲ ಟ್ಯಾಬ್ಲೆಟ್‌ನ ಮೂಲ ಗುಣಕ್ಕೆ ಅದು ಒಪ್ಪುವುದಿಲ್ಲ. ಟ್ರ್ಯಾಕ್‌ಪ್ಯಾಡ್ ಇರುವ ಕೀಲಿಮಣೆಯನ್ನೂ ಸೇರಿಸಿದರೆ ಒಟ್ಟು ತೂಕ, ಬೆಲೆ ಎರಡೂ ಲ್ಯಾಪ್‌ಟಾಪ್‌ನ ಸಮೀಪಕ್ಕೆ ಬರಬಹುದು. ಚಿತ್ರ ಬರೆಯುವುದಕ್ಕೆ, ಸಹಿ ಹಾಕುವುದಕ್ಕೆ ಮೌಸ್ ಇಂದಿಗೂ ಲೇಖನಿಗೆ ಸಾಟಿಯಲ್ಲ. ದಿನವಿಡೀ ಮೌಸ್ ಹಿಡಿದವರ ಮಣಿಕಟ್ಟಿನ ನೋವಂತೂ ಕಚೇರಿಗಳಲ್ಲಿ ಹೊಸ ಸುದ್ದಿಯೇನಲ್ಲ.

ಈ ಆಕ್ಷೇಪಗಳೆಲ್ಲ ಮೌಸ್ ಕಡ್ಡಾಯವಾಗಬಾರದು ಎಂಬುದನ್ನು ಸ್ಥಾಪಿಸುತ್ತವೆಯೇ ಹೊರತು, ಅದಕ್ಕೆ ಅವಕಾಶವೇ ಇರಬಾರದು ಎಂಬುದನ್ನಲ್ಲ. ಬೆರಳಿಗೆ ಸಾಧ್ಯವಾಗುವ ಎಲ್ಲ ಕೆಲಸವೂ ಬೆರಳಿಗೇ ಉಳಿಯಲಿ. ಸೂಕ್ಷ್ಮ ಕೆಲಸ ಬಂದಾಗ ಮೌಸ್ ಜೋಡಿಸಲು ಸಾಧ್ಯವಾಗಲಿ. ಬೆರಳು ಚಾಚಲಾಗದವರಿಗೆ ಅದೊಂದು ಐಚ್ಛಿಕ ಅನುಕೂಲವಲ್ಲ, ಯಂತ್ರವನ್ನು ಪ್ರವೇಶಿಸುವ ಬಾಗಿಲು ಎಂಬುದನ್ನೂ ಮರೆಯುವಂತಿಲ್ಲ.

ಕೊಳ್ಳುವ ಮುನ್ನ

ಟ್ಯಾಬ್ಲೆಟ್ ಈಗಾಗಲೇ ಇದ್ದವರು ದುಬಾರಿ ಕೀಲಿಮಣೆಗೆ ಕೈಹಾಕುವ ಮುನ್ನ, ಕೆಲವು ನೂರು ರೂಪಾಯಿಗೆ ದೊರೆಯುವ ಸಾಧಾರಣ ಬ್ಲೂಟೂತ್ ಮೌಸ್ ಜೋಡಿಸಿ ನೋಡುವುದು ಜಾಣತನ. ತಂತಿಯ ಮೌಸ್ ಇದ್ದರೆ ಟ್ಯಾಬ್ಲೆಟ್‌ನ ಕಿಂಡಿಗೆ ಹೊಂದುವ ಓಟಿಜಿ ಕೊಂಡಿ ಬೇಕಾಗಬಹುದು. ಪ್ರತಿದಿನ ಬಳಸುವ ತಂತ್ರಾಂಶದಲ್ಲಿ ಬಲಗುಂಡಿ ಒತ್ತಿದರೆ ಆಯ್ಕೆಗಳ ಪಟ್ಟಿ ತೆರೆಯುವುದೇ, ಪದಗಳನ್ನು ಎಳೆದು ಗುರುತಿಸಬಹುದೇ, ಚಕ್ರ ಉರುಳಿಸಿದರೆ ಪುಟ ಸರಿಯುವುದೇ ಎಂಬ ಮೂರನ್ನು ಪರೀಕ್ಷಿಸಿದರೆ ಸಾಕು. ಮೂರೂ ನಡೆದರೆ ಆ ಕೆಲಸದ ಮಟ್ಟಿಗೆ ಇನ್ನೊಂದು ಗಣಕದ ಖರ್ಚನ್ನು ಮುಂದೂಡಬಹುದು. ನಡೆಯದಿದ್ದರೆ ಕೊರತೆ ಇರುವುದು ಬಹುಶಃ ತಂತ್ರಾಂಶದಲ್ಲಿ. ದುಬಾರಿ ಕೀಲಿಮಣೆ ತಂದರೂ ಅದು ನೀಗಲಾರದು.