ನಮ್ಮ ಅನಂತರ ಯಾರು?

ಬಳ್ಳಾರಿಯ ಪಾರ್ವತಿನಗರದಲ್ಲಿ ಸಂಜೆ ತಿರುಗಾಡಲು ಹೊರಟರೆ ವೃದ್ಧರೊಬ್ಬರು ನನಗೆ ದಿನವೂ ಎದುರಾಗುತ್ತಾರೆ. ಜೊತೆಗೆ, ಅವರ ಕೈ ಹಿಡಿದು ಮೂವತ್ತು ದಾಟಿದ ಮಗ. ಬೌದ್ಧಿಕ ವೈಕಲ್ಯವುಳ್ಳ ಆತ ಸಾಮಾನ್ಯವಾಗಿ ನಗುತ್ತಲೇ ಇರುತ್ತಾನೆ. ಹಣಕಾಸಿನ ವ್ಯವಹಾರ ಮಾತ್ರ ತಿಳಿಯದು. ಮೊನ್ನೆ ಆ ಹಿರಿಯರು ನನ್ನನ್ನು ನಿಲ್ಲಿಸಿ, “ಬ್ಯಾಂಕಿನೋರು ನಾನು ಇವನ ಗಾರ್ಡಿಯನ್ ಅಲ್ಲ ಅಂತಾರ್ರೀ. ಇಷ್ಟು ವರ್ಷ ಉಣ್ಣಿಸಿದಾವ ನಾನ ಅಲ್ಲೇನ್ರೀ?” ಎಂದರು.

ಕಾನೂನಿನಂತೆ ಬ್ಯಾಂಕಿನವರ ಮಾತು ತಪ್ಪಲ್ಲ. ಹದಿನೆಂಟು ತುಂಬಿದೊಡನೆ ತಂದೆತಾಯಿಯರ ಸಹಜ ಪಾಲಕತ್ವ ಮುಗಿಯಿತು. 1890ರ ಪಾಲಕರ ಕಾಯಿದೆಯೂ ಅಪ್ರಾಪ್ತ ವಯಸ್ಕರಿಗಷ್ಟೇ.

ಮಕ್ಕಳ ಪರವಾಗಿ ಹೆತ್ತವರು ಬಾಗಿಲು ತಟ್ಟಿದ ಚರಿತ್ರೆ ಹಳೆಯದು. ಹೆಲೆನ್ ಕೆಲ್ಲರ್ ಎಲ್ಲರಿಗೂ ಗೊತ್ತು. 1887ರ ಮಾರ್ಚಿನಲ್ಲಿ ಮನೆಗೆ ಬಂದ ಗುರು ಆನ್ ಸಲಿವನ್ ಸಹ ಗೊತ್ತು. ಆದರೆ ಕುರುಡು ಕಿವುಡು ಎರಡೂ ಆದ ಲಾರಾ ಬ್ರಿಜ್‌ಮನ್ ವಿದ್ಯೆ ಕಲಿತದ್ದನ್ನು ಡಿಕನ್ಸನ ಅಮೆರಿಕ ಪ್ರವಾಸದ ಪುಸ್ತಕದಲ್ಲಿ ಓದಿ, ತನ್ನ ಮಗಳೂ ಕಲಿಯಬಲ್ಲಳೆಂದು ಆಸೆ ಹಿಡಿದ ತಾಯಿ ಕೇಟ್‌ಳನ್ನು ನೆನೆಯುವವರೆಷ್ಟು ಮಂದಿ?

ನಮ್ಮ ಬಳ್ಳಾರಿಗಂತೂ 1953ರ ಅಕ್ಟೋಬರ್ 1ರವರೆಗೆ ಸರಕಾರವೆಂದರೆ ಮದರಾಸು. ಮೈಸೂರು ರಾಜ್ಯಕ್ಕೆ ಸೇರಿದ ಹನ್ನೆರಡು ವರ್ಷಕ್ಕೆ, 1965ರಲ್ಲಿ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಆರಂಭವಾಯಿತು. ಮುಂಬಯಿಯಲ್ಲಿ ಮಿಥು ಅಲೂರ್ ಎಂಬ ತಾಯಿ, ಮಿದುಳಿನ ಪಾರ್ಶ್ವವಾಯುವಿದ್ದ ಮಗಳು ಮಾಲಿನಿಗೆ ತಕ್ಕ ಶಾಲೆಯಿಲ್ಲವೆಂದು 1972ರಲ್ಲಿ ತಾವೇ ಸಂಸ್ಥೆ ಕಟ್ಟಿದರು. ಹೀಗೆ ಶಾಲೆಯ ಚಿಂತೆಗೆ ಅಷ್ಟಿಷ್ಟು ದಾರಿ ಕಂಡಿತು. ಆದರೆ ಶಾಲೆ ಮುಗಿಯುವ ಹೊತ್ತಿಗೆ ಹೆತ್ತವರ ತಲೆ ನರೆತಿರುತ್ತದೆ. ಆಗ ಹುಟ್ಟುವ ಪ್ರಶ್ನೆಯೇ ಬೇರೆ: ನಮ್ಮ ಅನಂತರ ಯಾರು?

1995ರ ಅಂಗವಿಕಲರ ಕಾಯಿದೆ ಮೀಸಲಾತಿ, ಶಿಕ್ಷಣಗಳ ಮಾತಾಡಿತು. ಈ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಪೋಷಕರ ಸಂಘಗಳು ಅದನ್ನು ಬಿಡದೆ ಕೇಳುತ್ತ ಬಂದವು. 1999ರ ಕೊನೆಯಲ್ಲಿ ‘ರಾಷ್ಟ್ರೀಯ ನ್ಯಾಸ’ದ ಕಾಯಿದೆ ಬಂತು. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ, ಬಹುವಿಧ ವೈಕಲ್ಯ ಈ ನಾಲ್ಕಕ್ಕೆ ಅದು ಅನ್ವಯಿಸುತ್ತದೆ. ತಂದೆತಾಯಿ ತೀರಿಕೊಂಡ ಮೇಲಿನ ಪಾಲನೆ ರಕ್ಷಣೆಯನ್ನು ಅದರ ಉದ್ದೇಶಗಳಲ್ಲಿಯೇ ಬರೆದಿದ್ದಾರೆ. ಶಾಸನದ ಒಣ ಭಾಷೆಯಲ್ಲಿ ‘ಸಾವು’ ಎಂಬ ಶಬ್ದ ಕಂಡು ನನಗೆ ಕ್ಷಣಹೊತ್ತು ಓದು ಮುಂದೆ ಸಾಗಲಿಲ್ಲ; ಯಾರೋ ತಾಯಿಯೊಬ್ಬಳ ನಿಟ್ಟುಸಿರು ಅಲ್ಲಿ ಉಳಿದುಬಿಟ್ಟಂತಿತ್ತು.

ವ್ಯವಸ್ಥೆ ಸರಳ. ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಅದರಲ್ಲಿ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ, ವಿಕಲಚೇತನರೊಬ್ಬರು ಇರುತ್ತಾರೆ. ಪಾಲಕನು ಬೇಕೇ, ಯಾವ ಕೆಲಸಕ್ಕೆ ಬೇಕು ಎಂಬುದನ್ನು ಅವರು ಮೊದಲು ನೋಡುತ್ತಾರೆ. ನೇಮಕಗೊಂಡ ಪಾಲಕ ಆರು ತಿಂಗಳೊಳಗೆ ಸ್ಥಿರಾಸ್ತಿಯ ಪಟ್ಟಿ ಒಪ್ಪಿಸಬೇಕು, ವರ್ಷ ವರ್ಷ ಲೆಕ್ಕ ಕೊಡಬೇಕು. ಅಲಕ್ಷ್ಯ ಮಾಡಿದರೆ ತೆಗೆದುಹಾಕಲೂ ಬಹುದು. ಪಾಲಕನೆಂದರೆ ಒಡೆಯನಲ್ಲ. 2016ರ ಕಾಯಿದೆಯಂತೂ ಆ ವ್ಯಕ್ತಿಯ ಇಚ್ಛೆಯನ್ನೂ ಕೇಳಿ ಕೂಡಿ ತೀರ್ಮಾನಿಸಬೇಕೆನ್ನುತ್ತದೆ. ಮಗನನ್ನು ಕೇಳದೆ ಮಗನ ಹಿತ ನಿರ್ಧರಿಸುವ ನಮ್ಮ ಅಭ್ಯಾಸಕ್ಕೆ ಈ ಮಾತು ಸ್ವಲ್ಪ ಕಹಿಯೇ.

ಇದನ್ನೆಲ್ಲ ಹಿರಿಯರಿಗೆ ವಿವರಿಸಿದೆ. ಅರ್ಜಿ ಬರೆಯಲು ನಮ್ಮ ಮನೆಗೇ ಬಂದರು. ಮಗನೂ ಪಕ್ಕದಲ್ಲಿ ಕುಳಿತ. ತಮ್ಮ ಹೆಸರು ಬರೆಸಿದ ಮೇಲೆ, “ನಾನು ಹೋದಮ್ಯಾಲೆ ಮತ್ತ ಯಾರರ ಅರ್ಜಿ ಹಾಕಬೇಕೇನ್ರಿ?” ಎಂದು ಕೇಳಿದರು. ಹೌದೆಂದೆ. ಮಗನ ಕಡೆ ತಿರುಗಿ, “ಅಕ್ಕನ ಕೂಡ ಇರ್ತೀಯೇನಪ್ಪಾ?” ಎಂದರು. ಅವನು ತಲೆಯಾಡಿಸಿದ. ಬರುವ ಭಾನುವಾರ ಸಿರುಗುಪ್ಪದಿಂದ ಮಗಳನ್ನು ಕರೆಸಿದ್ದಾರೆ.